ಒಂಬತ್ತು ಲಕ್ಷ ಜನ ಕೇಳಿದ ಹಾಡು

ತಂಗೆವ್ವಾ,

ಬೆಂಗಳೂರು ಬಸ್ಸು ಹತ್ತುವಾಗಲೂ ಮುಖ ತಿರುಗಿಸಿಕೊಂಡೇ ಕೂತೆ. ಅಷ್ಟು ಸಿಟ್ಟು ಬೇಡವ್ವಾ. ಮೊಬೈಲ್‌ನಲ್ಲಿ ಬಂದ ನಿನ್ನ ಹಾಡಿನ ಬಗ್ಗೆ ಹಿಂದಿನ ರಾತ್ರಿ ಆಡಿದ ಮಾತನ್ನೆಲ್ಲ ಮತ್ತೆ ಕೆದಕುವುದಿಲ್ಲ. "ಒಂಬತ್ತು ಲಕ್ಷ ಮಂದಿ ಕೇಳ್ಯಾರ, ನಿನಗಷ್ಟ ಸೇರೂದಿಲ್ಲ" ಅಂದೆಯಲ್ಲ, ಅದೊಂದು ಮಾತ್ರ ಇನ್ನೂ ಚುಚ್ಚುತ್ತಿದೆ.

ನನಗೂ ಸೇರಿದೆ. ಅಂಗಡಿಗೆ ಬಂದವರಿಗೆಲ್ಲ ಮೊಬೈಲ್ ತೆಗೆದು ತೋರಿಸಿದ್ದೇನೆ, ನಿಮ್ಮವ್ವನನ್ನು ಕೇಳು. ಮಂದಿ ಮೆಚ್ಚಿದ್ದೆಲ್ಲ ಹಗುರ ಅಂತ ನಾನೆಲ್ಲಿ ಅಂದೆ? ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಹಾಡಿರುವ 'ಕಿಸ್ಮತ್' ಸಿನಿಮಾ 1943ರಲ್ಲಿ ಬಂತು. ಕಲ್ಕತ್ತಾದ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಜಾಸ್ತಿ ಓಡಿತು. ಈಗ ಬೀಳಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹುಡುಗರನ್ನು ಕೇಳು, ಎಷ್ಟು ಮಂದಿಗೆ ಆಕೆ ಗೊತ್ತು? ಅದಕ್ಕೆ ಆಕೆಯ ದನಿ ಸಣ್ಣದಾಯಿತೇನು? ಶಿಶುನಾಳದ ಶರೀಫಜ್ಜ ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳನ್ನು ಭಜನೆಯವರು ಬಾಯಲ್ಲೇ ಇಟ್ಟುಕೊಂಡು ಬಂದರು. ಆಮೇಲೆ ಸಿ. ಅಶ್ವತ್ಥ್ ಹಾಡಿದ ಕ್ಯಾಸೆಟ್ ಮನೆಮನೆಗೂ ಮುಟ್ಟಿಸಿತು. ಉಳಿಸಿದ್ದು ಯಾರು ಅಂತ ಹೇಳೋಣ?

ನಿಮ್ಮ ಆಯಿ, ನನ್ನವ್ವ, ನಿನಗೆ ಅಷ್ಟು ನೆನಪಿರಲಿಕ್ಕಿಲ್ಲ. ಹಳೇ ಬಾಗಲಕೋಟೆಯ ಮನೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಜೋಳ ಬೀಸಲು ಕೂರುತ್ತಿದ್ದಳು. ಒಂದು ಪದ ಇತ್ತು. ತವರಿನಿಂದ ಅಣ್ಣ ಕರೆಯಲು ಬರುವ ಪದ. ಮೊದಲ ಸಾಲು ಸ್ವಚ್ಛ ಕೇಳುತ್ತಿತ್ತು. ಎರಡನೆಯದರಲ್ಲಿ ಅರ್ಧ ಬೀಸುಕಲ್ಲಿನ ಸಪ್ಪಳದಲ್ಲೇ ಹೋಗುತ್ತಿತ್ತು. ಆ ಅರ್ಧ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೋಡೆಯ ಆಚೆಯಿಂದ ಪಕ್ಕದ ಮನೆಯಾಕೆ ಮೂರನೆಯ ಸಾಲು ಎತ್ತಿಕೊಳ್ಳುತ್ತಿದ್ದಳು. ಓಣಿಯ ಹೆಂಗಸರಿಗೆಲ್ಲ ಬರುತ್ತಿತ್ತು. ಎಷ್ಟು ತಲೆಮಾರಿನದೋ ಏನೋ. ಗಿರಣಿ ಬಂತು, ಬೀಸುವುದು ನಿಂತಿತು, ಪದವೂ ನಿಂತಿತು. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗಡೆಯಾಗಿ ನವನಗರಕ್ಕೆ ಬರುವಾಗ ಬೀಸುಕಲ್ಲನ್ನು ಲಾರಿಯಲ್ಲಿ ಹೇರಿಕೊಂಡು ಬಂದೆವು. ಒಮ್ಮೆ "ಅವ್ವಾ, ಆ ಪದ ಹೇಳು" ಅಂದೆ. "ಕೈ ಸುಮ್ನಿದ್ರ ಬರೂದಿಲ್ಲೋ" ಅಂದಳು. ನೆಲದ ಮೇಲೆ ಬರಿಗೈ ಗುಂಡಗೆ ತಿರುಗಿಸಿ ನೋಡಿದಳು. ಎರಡು ಸಾಲು ಬಂತು. ಮುಂದೆ ಬರಲೇ ಇಲ್ಲ.

ಮಂದಿ ಮೆಚ್ಚಿದ್ದೂ ಹೌದು, ಬಹಳ ಕಾಲ ಬಾಳಿದ್ದೂ ಹೌದು. ಆದರೂ ಹೋಯಿತು. ಅದಕ್ಕೇ ಉಳಿದದ್ದಷ್ಟೇ ದೊಡ್ಡದು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಕೇಳುವುದು ಬೇರೆ. ನಿನ್ನ ಒಂಬತ್ತು ಲಕ್ಷದಲ್ಲಿ ಎಷ್ಟು ಮಂದಿ ಮರುದಿನ ಕೆಲಸ ಮಾಡುತ್ತಾ ಅದನ್ನು ಗುನುಗಿದರು? ಮೊಬೈಲ್ ಅದನ್ನು ಎಣಿಸುವುದಿಲ್ಲ, ಅಲ್ವಾ? ನಿನ್ನ ಹತ್ತಿರ ಸಹಿ ಕೇಳುತ್ತಿರುವ ಆ ಹಾಡಿನ ಕಂಪನಿಗೆ ವಾರಕ್ಕೊಂದು ಹಾಡು ಬೇಕಂತೆ. ಒಂದು ಹಾಡು ನಿನ್ನ ಬಾಯಿಗೇ ಕೂರಲು ವಾರ ಸಾಕಾ? ಬೆಳಗಿನ ರಿಯಾಜ್ ತಪ್ಪಿಸಬೇಡ. ಐಸ್ ಹಾಕಿದ್ದು ಕುಡಿಯಬೇಡ. ರಾತ್ರಿ ಸ್ಟುಡಿಯೋದಿಂದ ಒಬ್ಬಳೇ ಬರಬೇಡ. ಮತ್ತೆ ಶುರುವಾಯಿತು ಅಪ್ಪನ ಪುರಾಣ ಅಂತೀಯ. ಅನ್ನು.

ಅವತ್ತು ದನಿ ಏರಿಸಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸಹಿ ಹಾಕುವ ಮೊದಲು ಆ ಕಂಪನಿಯ ಕಾಗದದ ಫೋಟೊ ಕಳಿಸು, ಎಲ್ಲ ಹಾಳೆಗಳದ್ದೂ. ಹಾಡಿನ ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ ಅಂತ ವಕೀಲರಿಗೆ ತೋರಿಸುತ್ತೇನೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಸೋಮವಾರದ ಬಸ್ಸಿಗೆ ಹಾಕುತ್ತೇನೆ. ಡ್ರೈವರ್ ನಂಬರ್ ಕಳಿಸುತ್ತೇನೆ, ಫೋನ್ ಎತ್ತು.

ನಿನ್ನ ಅಪ್ಪ