ಸಂಪಾದಕರ ಮಾತು: ಹಾಡಿದ್ದೇ ಹಾಡು

ನಮ್ಮ ಸಂಘದ ಯುಗಾದಿಯ ಗಾಯನ ಸ್ಪರ್ಧೆಯಲ್ಲಿ ಮೂವರು ಮಕ್ಕಳು ಒಬ್ಬರಾದ ಮೇಲೊಬ್ಬರು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡಿದ್ದು ಹಲವರಿಗೆ ರುಚಿಸಿಲ್ಲ. ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡಕೂಡದೆಂದು ನಿಯಮ ಮಾಡಿ ಎಂಬ ಒತ್ತಾಯ ಸಮಿತಿಯ ಮುಂದಿದೆ. ನನ್ನದು ವಿರುದ್ಧ ಮತ. ಕಾರಣಕ್ಕೆ, ನಾವು ಬಂದು ನೆಲೆಸಿರುವ ಈ ಟೆಕ್ಸಾಸಿನದೇ ಒಂದು ಭಕ್ತಿಗೀತೆಯನ್ನು ಎತ್ತಿಕೊಳ್ಳುತ್ತೇನೆ.

ಆರ್ಟಿ ಗ್ಲೆನ್ ಬರೆದ ‘ಕ್ರೈಯಿಂಗ್ ಇನ್ ದ ಚಾಪೆಲ್’ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಧಾಟಿಯದು. ಪ್ರಾರ್ಥನಾ ಮಂದಿರದಲ್ಲಿ ಕುಳಿತು ಅಳುವವನ ಹಾಡು. ಅಳು ದುಃಖದ್ದಲ್ಲ, ನೆಮ್ಮದಿಯದು. ಮೊದಲು ಹಾಡಿದ್ದು ಅವರ ಮಗ ಡ್ಯಾರೆಲ್, ಆಗಿನ್ನೂ ಹೈಸ್ಕೂಲು ಹುಡುಗ. 1953ರಲ್ಲಿ ವ್ಯಾಲಿ ಎಂಬ ಸಣ್ಣ ಕಂಪನಿ ಅದರ ರೆಕಾರ್ಡ್ ಹೊರತಂದಿತು. ಜನರಿಗೆ ಹಿಡಿಸಿದ್ದೇ ತಡ, ದೊಡ್ಡ ಕಂಪನಿಗಳು ಮುಗಿಬಿದ್ದವು. ಅದೇ ವರ್ಷ ಕೌಬಾಯ್ ನಟ ರೆಕ್ಸ್ ಆಲೆನ್ ಹಾಡಿದರು, ಪಾಪ್ ಗಾಯಕಿ ಜೂನ್ ವಾಲಿ ಹಾಡಿದರು, ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಕೂಡ ಹಾಡಿದರು.

ಇದು ಕಳ್ಳತನವಲ್ಲ. ಅಮೆರಿಕದ 1909ರ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಹಾಡೊಂದು ಒಡೆಯನ ಒಪ್ಪಿಗೆಯಿಂದ ಒಮ್ಮೆ ರೆಕಾರ್ಡ್ ಆದರೆ, ಆಮೇಲೆ ರೆಕಾರ್ಡಿನ ಪ್ರತಿಗೆ 2 ಸೆಂಟ್‌ನಂತೆ ಒಡೆಯನಿಗೆ ಕಟ್ಟಿ ಯಾರು ಬೇಕಾದರೂ ಹಾಡಬಹುದಿತ್ತು. ಬರೆದ ಅಪ್ಪನಿಗೆ ಎಲ್ಲರೂ ಲಾಭ, ಹಾಡಿದ ಮಗನಿಗೆ ಎಲ್ಲರೂ ಪೈಪೋಟಿ! ಆ ಮನೆಯ ಊಟದ ಹೊತ್ತಿನ ಮಾತುಕತೆ ಕೇಳಬೇಕಿತ್ತು.

ಹಾಡಿನೊಳಗಿನ ಮಂದಿರಕ್ಕೆ ಬಾಗಿಲು ಒಂದೇ. ಹಾಡು ಮಾರುವ ಪೇಟೆಗೆ ಮಾತ್ರ ಮೂರು: ಕಂಟ್ರಿ, ಪಾಪ್, ಕಪ್ಪು ಜನರದೆಂದು ಬೇರೆಯಿಟ್ಟಿದ್ದ ರಿದಮ್ ಆ್ಯಂಡ್ ಬ್ಲೂಸ್. ಬಾಲ್ಟಿಮೋರಿನ ಕಪ್ಪು ಯುವಕರ ತಂಡ ಓರಿಯೋಲ್ಸ್ ಇದೇ ಹಾಡು ಹಾಡಿ ಈ ಮೂರನೆಯದರ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದಲ್ಲದೆ ಪಾಪ್ ಪಟ್ಟಿಯೊಳಕ್ಕೂ ನುಗ್ಗಿತು. ತಂಡದ ಮುಖ್ಯ ಗಾಯಕ ಸನ್ನಿ ಟಿಲ್ ಸಾಲನ್ನು ಎಳೆದು ನಿಲ್ಲಿಸುತ್ತಾರೆ. ಹಿಂದಿನಿಂದ ಸಂಗಡಿಗರ ಪದವಿಲ್ಲದ ದನಿ ತಂಬೂರಿಯಂತೆ ಆಸರೆ ಕೊಡುತ್ತದೆ. ನನಗೆ ಇವರದೇ ಮೇಲು. ಎಲ್ವಿಸ್ ಪ್ರೀಸ್ಲಿಯ ಅಭಿಮಾನಿಗಳು ಮುನಿಯಬಾರದು. ಆತ 1960ರಲ್ಲಿ ಹಾಡಿದ್ದು ಐದು ವರ್ಷ ಕಪಾಟಿನಲ್ಲಿ ಕೂತು 1965ರಲ್ಲಿ ಹೊರಬಂತು. ಹನ್ನೆರಡು ವರ್ಷದ ಹಳೆಯ ಹಾಡು, ಬೀಟಲ್ಸ್ ತಂಡದ ಭರಾಟೆಯ ನಡುವೆ, ಅಮೆರಿಕದಲ್ಲಿ ಮೂರನೆಯ ಸ್ಥಾನ, ಬ್ರಿಟನ್ನಿನಲ್ಲಿ ಮೊದಲನೆಯದು!

ಈಗ ನಮ್ಮ ಸ್ಪರ್ಧೆ. ಮೊದಲ ಹುಡುಗಿಯ ಲಕ್ಷ್ಮಿ ಅಳೆದು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟಳು. ಎರಡನೆಯವನ ಲಕ್ಷ್ಮಿ ಚರಣ ಮರೆತು ಹೊಸಿಲಲ್ಲೇ ನಿಂತಳು. ಮೂರನೆಯ ಪುಟ್ಟಿ ಹೆದರಿ ಎಷ್ಟು ಬೇಗ ಹಾಡಿದಳೆಂದರೆ ಲಕ್ಷ್ಮಿ ಓಡಿಯೇ ಬಂದಳು. ಹಾಡು ಬೇರೆಬೇರೆಯಾಗಿದ್ದರೆ ಈ ವ್ಯತ್ಯಾಸ ನಮ್ಮ ಕಿವಿಗೆ ಬೀಳುತ್ತಿತ್ತೇ?

ದೀಪಾವಳಿ ಸ್ಪರ್ಧೆಗೆ ಹೆಸರು ಕೊಡುವವರು ಹಾಡು ಯಾವುದೆಂದು ಪಕ್ಕದ ಮನೆಯವರನ್ನು ವಿಚಾರಿಸಬೇಕಾಗಿಲ್ಲ. ಶ್ರುತಿ ಪೆಟ್ಟಿಗೆ ಮಾತ್ರ ನೀವೇ ತನ್ನಿ. ಸಂಘದ್ದು ಮತ್ತೆ ಕೆಟ್ಟಿದೆ.