ದಸರಾ ಬಣ್ಣಕ್ಕೆ ಮುಂಚೆ ತಾರಸಿ ಹತ್ತಿ ನೋಡಿ

ಮಾನ್ಯ ಸಂಪಾದಕರೇ,

ಮೈಸೂರಿನ ಹಳೆಯ ಕಟ್ಟಡಗಳ ನೆನಪು ಎಲ್ಲರಿಗೂ ಬರುವುದು ದಸರಾ ಹತ್ತಿರವಾದಾಗ. ಮೆರವಣಿಗೆ ದಾರಿಯ ಗೋಡೆ, ಕಮಾನುಗಳಿಗೆಲ್ಲ ಬಣ್ಣ ಬೀಳುತ್ತದೆ. ನೋಡಲು ಚೆಂದ, ಒಪ್ಪೋಣ. ಆದರೆ ಸುಣ್ಣದ ಗಾರೆಯ ಗೋಡೆಗೆ ಬಣ್ಣ ಬಳಿಯಲು ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಮುಂಗಾರಿನಿಂದ ನೀರು ಕುಡಿದು ನಿಂತ ಗೋಡೆಗೆ ಎಮಲ್ಷನ್ ಬಳಿದರೆ ಒಳಗಿನ ತೇವ ಹೊರಬರುವ ದಾರಿಯೇ ಮುಚ್ಚುತ್ತದೆ. ಅದರ ಮೇಲೆ ಹಸ್ತ, ಚಿತ್ತೆ ಮಳೆ ಬೇರೆ. ಬೇಸಿಗೆಯ ಹೊತ್ತಿಗೆ ಬಣ್ಣ ಗುಳ್ಳೆಯೆದ್ದು ಗಿಲಾವಿನ ಸಮೇತ ಕಳಚುತ್ತದೆ.

ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಉತ್ತರ ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಭಾಗ ಬಿದ್ದದ್ದು 2022ರ ಅಕ್ಟೋಬರ್‌ನಲ್ಲಿ. ಮೂರೂ ಮಳೆಯ ತಿಂಗಳುಗಳೇ. ಇಂಥ ಕಟ್ಟಡಗಳಿಗೆ ಪೆಟ್ಟು ಬೀಳಲು ಶುರುವಾಗುವುದು ಬಹುತೇಕ ಮೇಲಿನಿಂದ, ನೀರಿನಿಂದ.

ಇಂಥ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಾಣುವ ಮದರಾಸು ತಾರಸಿ ಎಂದರೆ ಮರದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆ ಹರಡಿ, ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿದು ಮಾಡಿದ ಚಾವಣಿ. ನೀರು ಹರಿದುಹೋಗುವ ತೂತಿಗೆ ಎಲೆ, ಪಾರಿವಾಳದ ಹಿಕ್ಕೆ, ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ನಿಂತ ನೀರು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ಮೊದಲು ಕೊಳೆಸುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಗೋಡೆಗೆ ಸೇರುವ ಕಡೆ ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ದಬ್ಬಳ ಚುಚ್ಚಿದರೆ ಒಳಕ್ಕೆ ಇಳಿಯುತ್ತದೆ.

ಸೋರುವ ತಾರಸಿಗೆ ನಮ್ಮಲ್ಲಿ ಮಾಡುವ ಮದ್ದು ಒಂದೇ: ಮೇಲೊಂದು ಸಿಮೆಂಟ್ ಕಾಂಕ್ರೀಟ್ ಪದರ. ಎರಡು ಅಂಗುಲ ಹಾಕಿದರೆ ಚದರ ಮೀಟರಿಗೆ ಸುಮಾರು 120 ಕಿಲೋ. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದು ಟನ್ನಿಗೂ ಹೆಚ್ಚು ಹೊಸ ಭಾರ, ಅದೂ ತುದಿ ಕೊಳೆತ ತೊಲೆಗಳ ಮೇಲೆ. ಕೆಲವು ವರ್ಷಗಳಲ್ಲಿ ಆ ಪದರವೂ ಬಿರುಕು ಬಿಡುತ್ತದೆ. ಆಗ ನೀರು ಎಲ್ಲಿ ಇಳಿಯುತ್ತಿದೆಯೆಂದು ಹುಡುಕುವುದೇ ಕಷ್ಟ.

ಗೋಡೆಯ ಕಥೆಯೂ ಹೆಚ್ಚುಕಡಿಮೆ ಇದೇ. ಸುಣ್ಣದ ಗಾರೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟ್ ಗಿಲಾವು ಬಿಡುವುದಿಲ್ಲ. ತೇವದ ಜೊತೆ ಬಂದ ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗಿನ ಸಿಮೆಂಟ್ ಮಾತ್ರ ನೆಟ್ಟಗೆ ನಿಂತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಸಿಮೆಂಟ್ ಗಟ್ಟಿ ಎನ್ನುವ ಮೇಸ್ತ್ರಿಯ ಮಾತು ಸುಳ್ಳಲ್ಲ. ಹಳೆಯ ಇಟ್ಟಿಗೆಗೆ ಆ ಗಟ್ಟಿತನವೇ ಮಾರಕ.

ಗಾರೆ ಕೆಲಸದಲ್ಲಿ ಹದ ತಪ್ಪುವುದು ಅವಸರದಿಂದ. ಮೊದಲು ಹಳೆಯ ಗಾರೆಯ ತುಂಡೊಂದನ್ನು ತೂಗಿ ದುರ್ಬಲ ಆಮ್ಲದಲ್ಲಿ ಹಾಕಬೇಕು. ಸುಣ್ಣ ಕರಗಿ ಮರಳು, ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಉಳಿಯುತ್ತವೆ. ಅದನ್ನು ಒಣಗಿಸಿ ತೂಗಿದರೆ ಹಿಂದಿನವರು ಬಳಸಿದ ಪಾಲು ತಕ್ಕಮಟ್ಟಿಗೆ ತಿಳಿಯುತ್ತದೆ, ಹೊಸದನ್ನು ಅದಕ್ಕೆ ಹೊಂದಿಸಬಹುದು. ಸಾಮಾನ್ಯವಾಗಿ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳಿನಿಂದ ಶುರು ಮಾಡಿ ಸಣ್ಣ ಜಾಗದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಬೇಕೇ ಹೊರತು ಕಲ್ಲಿನ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಕನಿಷ್ಠ ಮೂರು ವಾರ ನೀರಿನಡಿ ಗುಂಡಿಯಲ್ಲಿ ಬಿಡಬೇಕು. ಬಿಡದಿದ್ದರೆ ಅರಳದೆ ಉಳಿದ ಕಾಳುಗಳು ಗೋಡೆಯ ಮೇಲೆ ಅರಳಿ ಗಿಲಾವಿನಲ್ಲಿ ಕುಳಿ ಬೀಳಿಸುತ್ತವೆ. ಸುರ್ಕಿಗೆ ಕರಕಲು ಇಟ್ಟಿಗೆ ಬೇಡ, ಹದವಾಗಿ ಸುಟ್ಟದ್ದೇ ಬೇಕು. ಗಾರೆಗೆ ಬೆರೆಸುವ ಬೆಲ್ಲ, ಅಳಲೆಕಾಯಿಯ ನೀರಿನ ಬಗ್ಗೆ ಎಲ್ಲರೂ ಕುತೂಹಲದಿಂದ ಕೇಳುತ್ತಾರೆ. ಅವು ಬೇಕು, ಆದರೆ ಸುಣ್ಣವೇ ಮಾಗದಿದ್ದರೆ ಬೆಲ್ಲ ಏನೂ ಮಾಡಲಾರದು.

ಒಂದು ಪದರ 10–12 ಮಿಲಿಮೀಟರ್ ಮೀರಬಾರದು. ಬಳಿದ ಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಒಂದೆರಡು ವಾರ ತೇವ ಕಾಯಬೇಕು. ಬಿರುಬಿಸಿಲಿಗೆ ಬಿಟ್ಟರೆ ಗಾರೆ ಕೂರುವ ಮುಂಚೆ ಒಣಗಿ ಬೂದಿಯಂತೆ ಉದುರುತ್ತದೆ. ಹಾಗಾಗಿ ಗಾರೆ ಕೆಲಸಕ್ಕೆ ಸರಿಯಾದ ಕಾಲ ನವೆಂಬರ್‌ನಿಂದ ಫೆಬ್ರುವರಿ, ಅಂದರೆ ದಸರಾ ಮುಗಿದ ಮೇಲೆ. ತಾರಸಿ ಗುಡಿಸಿ, ನೀರಿನ ದಾರಿ ಬಿಡಿಸುವ ಕೆಲಸ ಏಪ್ರಿಲ್‌ನಲ್ಲಿ, ಭರಣಿ ಮಳೆಗೆ ಮುಂಚೆ ಮುಗಿಯಬೇಕು.

ಸಂದಿಗಳಲ್ಲಿ ಬೇರು ಬಿಟ್ಟ ಅರಳಿ, ಆಲದ ಸಸಿಗಳನ್ನು ಕಿತ್ತೆಳೆಯುವುದು ಇನ್ನೊಂದು ತಪ್ಪು. ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಬುಡ ಕತ್ತರಿಸಿ, ಕತ್ತರಿಸಿದ ಜಾಗಕ್ಕಷ್ಟೇ ಕಳೆನಾಶಕ ಹಚ್ಚಿ, ಬೇರು ಸತ್ತ ಮೇಲೆ ಬಿಡಿಸಿ ಸುಣ್ಣದ ಗಾರೆ ತುಂಬಬೇಕು. ಬಿರುಕು ಕಂಡಲ್ಲಿ ಕೂಡಲೇ ಮೆತ್ತದೆ, ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಬೇಕು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. 1927ರ ದೊಡ್ಡ ಗಡಿಯಾರದಂಥ ಎತ್ತರದ ಕಟ್ಟಡಕ್ಕೆ ಈ ಗುರುತು ಕಾಯಂ ಇರಬೇಕು. ಕನ್ನಡ ಅಂಕಿಗಳ ಆ ಗಡಿಯಾರದ ಫೋಟೊ ತೆಗೆಯುವವರಿಗೇನೂ ಕಡಿಮೆಯಿಲ್ಲ.

ಹಳೆಯದು ದುರ್ಬಲ, ಕೆಡವಿ ಹೊಸದಾಗಿ ಅದೇ ರೂಪದಲ್ಲಿ ಕಟ್ಟೋಣ ಎನ್ನುವವರು ಪಕ್ಕದ ಶ್ರೀರಂಗಪಟ್ಟಣಕ್ಕೆ ಹೋಗಿಬರಲಿ. ರೈಲಿನ ಜೋಡಿ ಮಾರ್ಗಕ್ಕಾಗಿ 2017ರಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು ಇಡಿಯಾಗಿ ಜಾಕಿಗಳ ಮೇಲೆತ್ತಿ ಪಕ್ಕಕ್ಕೆ ಸರಿಸಿದರು.

ಅಧಿಕಾರಿಗಳು ಮಾಡಬೇಕಾದ್ದು ಇಷ್ಟು: ಟೆಂಡರ್‌ನಲ್ಲಿ 'ಗಿಲಾವು, ಬಣ್ಣ' ಎಂದು ಒಂದೇ ಸಾಲು ಬರೆಯುವುದನ್ನು ಬಿಟ್ಟು, ಸುಣ್ಣ ಮಾಗಿಸುವ ದಿನ, ಪದರದ ದಪ್ಪ, ತೇವ ಕಾಯುವ ಅವಧಿಯನ್ನು ಷರತ್ತಾಗಿ ನಮೂದಿಸಲಿ. ಸುಣ್ಣದ ಗುಂಡಿಯನ್ನು ಎಂಜಿನಿಯರ್ ನೋಡಿ ತಾರೀಖು ಹಾಕಿ ಸಹಿ ಮಾಡುವವರೆಗೆ ಮೊದಲ ಬಿಲ್ಲು ಪಾಸಾಗದಿರಲಿ. ಕಾರ್ಯಾದೇಶ ಆಗಸ್ಟ್‌ನಲ್ಲಲ್ಲ, ಅಕ್ಟೋಬರ್ ಕೊನೆಗೆ ಹೊರಡಲಿ.

ಇಂತಿ,
ಹಳೆಯ ಕಟ್ಟಡಗಳ ಗಾರೆ ಕೆಲಸದಲ್ಲಿ ತೊಡಗಿರುವವರು, ಮೈಸೂರು