ಗೆಳೆಯನಿಗೊಂದು ಪತ್ರ: ಚಕ್ಕುಬಂದಿಯಲ್ಲಿ ಸಿಕ್ಕ ದಾಯಾದಿಗಳು

ಪ್ರಿಯ ಗೆಳೆಯ,

ನಿಮ್ಮ ಮನೆತನದ ಮೂಲ ಮಧುಗಿರಿ ತಾಲ್ಲೂಕಿನದೆಂದು ಗೊತ್ತಾದ ಮೇಲೆ, ಹಿರಿಯರ ಸುಳಿವು ಹುಡುಕುವುದಕ್ಕೆ ಎಲ್ಲಿಂದ ಹೊರಡಬೇಕೆಂದು ನೀನು ಕೇಳಿದ್ದೆ. ನಮ್ಮ ಮನೆಯ ಕಾಗದಪತ್ರಗಳಿಗಾಗಿ ತುಮಕೂರು ಜಿಲ್ಲೆಯ ಕಚೇರಿಗಳನ್ನು ಸುತ್ತಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಹಳ್ಳಿಯ ಲೆಕ್ಕ ಬರೆದವರಿಗೆ ಬೇಕಾಗಿದ್ದುದು ಭೂಮಿ ಮತ್ತು ಕಂದಾಯ. ಮನುಷ್ಯರು ಅದರಲ್ಲಿ ಸತ್ತಾಗ, ಸಾಲ ಮಾಡಿದಾಗ, ಪಾಲಾದಾಗ ಮಾತ್ರ ಕಾಣಿಸಿಕೊಳ್ಳುತ್ತಾರೆ. ಆದ್ದರಿಂದ ಹೆಸರು ಹಿಡಿದು ಹೊರಡಬೇಡ, ಸರ್ವೆ ನಂಬರು ಹಿಡಿದು ಹೊರಡು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಕಡೆ ‘ನಂಜಪ್ಪ ಬಿನ್ ರಂಗಪ್ಪ’ (ರಂಗಪ್ಪನ ಮಗ ನಂಜಪ್ಪ) ಮತ್ತು ‘ರಂಗಪ್ಪ ಬಿನ್ ನಂಜಪ್ಪ’ ಒಂದೇ ಊರಿನಲ್ಲಿ ಎಷ್ಟು ಜನ ಬೇಕಾದರೂ ಸಿಗುತ್ತಾರೆ.

ಜನನ ದಾಖಲೆಯನ್ನು ಬಹಳ ನೆಚ್ಚಿಕೊಳ್ಳಬೇಡ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ಸಿಗುತ್ತದೆ, ಹುಟ್ಟಿದ ದಿನ ಮಾತ್ರ ಅನುಮಾನದ್ದು. ಮೇಷ್ಟ್ರ ಕೃಪೆಯಿಂದ ಅರ್ಧ ಊರು ಜೂನ್ 1ರಂದೇ ಹುಟ್ಟಿರುತ್ತದೆ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಗಣಕೀಕರಣವಾದ ಪಹಣಿಯಿಂದ ಹಿಂದಕ್ಕೆ ಹೋಗುತ್ತಾ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರು (ಖಾತೆ ಬದಲಾವಣೆಯ ಪುಸ್ತಕ), ಆರ್.ಆರ್. (ಹಕ್ಕು ದಾಖಲೆ), ಐ.ಎಲ್. (ಜಮೀನುಗಳ ಸೂಚಿ) ಎಂದು ಒಂದೊಂದನ್ನೇ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ನಿಮ್ಮದು ಇನಾಂ ಗ್ರಾಮ, ಎಂದರೆ ಹಿಂದೆ ಯಾರಿಗಾದರೂ ದತ್ತಿಯಾಗಿ ಕೊಟ್ಟ ಊರು, ಆಗಿದ್ದರೆ, 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳಿಗಿಂತ ಹಿಂದಿನ ಪುಟಗಳಲ್ಲಿ ಇನಾಂದಾರನ ಹೆಸರಷ್ಟೇ ಇದ್ದು, ಉತ್ತವನ ಹೆಸರು ಇಲ್ಲದಿರಬಹುದು. ಗೇಣಿದಾರರಾಗಿದ್ದರೆ ಭೂ ನ್ಯಾಯಮಂಡಳಿಯ ಕಡತ ಕೇಳು. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ, ಉಳುವ ಜಮೀನಿನ ಒಡೆತನ ಕೇಳಿ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿಯ ಜೊತೆಗೆ, ಯಾರ ಕಾಲದಿಂದ ಯಾರು ಉಳುತ್ತಿದ್ದರೆಂಬ ಹೇಳಿಕೆಗಳೂ ಅಲ್ಲಿರುತ್ತವೆ. ರೈತನೊಬ್ಬ ತನ್ನ ಮನೆಯ ಕಥೆಯನ್ನು ತಾನೇ ಹೇಳಿದ್ದು ಸರ್ಕಾರಿ ಕಾಗದದಲ್ಲಿ ಸಿಗುವುದು ಅಪರೂಪ.

ನನಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಉಪನೋಂದಣಾಧಿಕಾರಿ ಕಚೇರಿಯಿಂದ ನಕಲು ತೆಗೆಸಿದ ಒಂದು ಹಳೆಯ ಭೋಗ್ಯಪತ್ರ, ಎಂದರೆ ಸಾಲಕ್ಕೆ ಜಮೀನನ್ನು ಅನುಭವಿಸಲು ಬಿಟ್ಟುಕೊಟ್ಟ ಅಡಮಾನದ ಪತ್ರ. ಸಾಲದ ಮೊತ್ತ, ಅವಧಿ ಎಲ್ಲ ಬರೆದು ಮುಗಿದ ಮೇಲೆ ಚಕ್ಕುಬಂದಿ, ಎಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇದೇ ನಂಬರಿನಲ್ಲಿ ಅಣ್ಣನ ಪಾಲು, ದಕ್ಷಿಣಕ್ಕೆ ದೊಡ್ಡಪ್ಪನ ಮಕ್ಕಳ ಜಮೀನು. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಡದಿದ್ದ ದಾಯಾದಿಗಳು ಎಲ್ಲೆಗಳಾಗಿ ಸುತ್ತಲೂ ನಿಂತಿದ್ದರು. ಕೊನೆಯಲ್ಲಿ ಮುತ್ತಜ್ಜನ ಎಡಗೈ ಹೆಬ್ಬೆಟ್ಟಿನ ಗುರುತು, ಅದರ ಸುತ್ತ ಪತ್ರ ಬರೆದವನು ತುಂಬಿಸಿದ ಹೆಸರು, ಪಕ್ಕದಲ್ಲಿ ಸಾಕ್ಷಿಗಳು. ಸಾಕ್ಷಿಗಳ ಹೆಸರನ್ನೂ ಬಿಡದೆ ಬರೆದುಕೋ; ಭಾವನೋ ಬೀಗನೋ ಅಲ್ಲಿ ರುಜು ಹಾಕಿರುವುದುಂಟು.

ಹೆಂಗಸರ ವಿಚಾರ ಬೇರೆ. ಖಾತೆದಾರ ತೀರಿಕೊಂಡರೆ ಪೌತಿ ಖಾತೆ ಸಾಮಾನ್ಯವಾಗಿ ಗಂಡುಮಕ್ಕಳ ಹೆಸರಿಗೆ ಹೋಗುತ್ತಿತ್ತು. ಮಗ ಮೈನರಾಗಿದ್ದಾಗ ಮಾತ್ರ ತಾಯಿ ಗಾರ್ಡಿಯನ್ ಆಗಿ ಒಂದು ಸಾಲಿನಲ್ಲಿ ಬಂದು, ಮಗ ಬೆಳೆದಂತೆ ಮಾಯವಾಗುತ್ತಾಳೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದ ನಂತರ, ಆ ಹಕ್ಕನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಗಳು ಹೆಚ್ಚಾದವು. ಅವುಗಳಲ್ಲಿ ಅಕ್ಕತಂಗಿಯರ ಹೆಸರು, ವಯಸ್ಸು, ಗಂಡನ ಹೆಸರು, ಸೇರಿದ ಊರು ಎಲ್ಲವೂ ವಿವರವಾಗಿ ಇರುತ್ತವೆ. ಹಕ್ಕು ಬಿಟ್ಟುಕೊಡುವ ಹೊತ್ತಿಗೆ ಅವರ ಹೆಸರು ಎಲ್ಲರಿಗೂ ನೆನಪಾಗುತ್ತದೆ, ನೋಡು.

ಎಷ್ಟು ಹಿಂದಕ್ಕೆ ಹೋಗಬಹುದು? ಮೈಸೂರು ಸೀಮೆಯಲ್ಲಿ ಧಾತು, ಈಶ್ವರ ಸಂವತ್ಸರಗಳ ಬರಗಾಲವೇ, ಎಂದರೆ 1876-78, ಅನೇಕ ಮನೆತನಗಳಿಗೆ ಗೋಡೆಯಾಗುತ್ತದೆ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಉಳಿದವರಲ್ಲಿ ಊರು ಬಿಟ್ಟವರೂ ಇದ್ದರು. ನಿಮ್ಮವರು ಅದಕ್ಕಿಂತ ಮುಂಚೆ ಬೇರೆ ಹೋಬಳಿಯವರಾಗಿದ್ದರೆ ಆಶ್ಚರ್ಯಪಡಬೇಡ.

ಕಚೇರಿಗೆ ಹೋಗುವ ಮುಂಚೆ ನಿಮ್ಮ ತಂದೆಯವರ ಸೋದರತ್ತೆಯನ್ನು ಕಂಡು ಬಾ. ಅವರಿಗೆ ಸರ್ವೆ ನಂಬರು ಗೊತ್ತಿರಲಾರದು. ಕಟ್ಟೆ ಹಿಂದಿನ ಗದ್ದೆ, ಹುಣಸೆಮರದ ಹೊಲ ಎಂದು ಹೇಳಿದರೂ ಸಾಕು, ಗ್ರಾಮದ ನಕಾಶೆಯಲ್ಲಿ ಹುಡುಕಬಹುದು. ಅವರು ಹೇಳಿದ್ದನ್ನೆಲ್ಲ ನನಗೆ ಬರೆದು ಕಳಿಸು, ಯಾವ ನಂಬರಿಗೆ ಯಾವ ಅರ್ಜಿ ಹಾಕಬೇಕೆಂಬುದನ್ನು ಕುಳಿತು ನೋಡೋಣ.

ಇಂತಿ,
ನಿನ್ನ ಗೆಳೆಯ